ಸೋದರಮಾವನ ಮಡಿಲು

ಕೆರೆ ಏರಿಯ ಕೆಳಗೆ ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಹೊಟ್ಟೆಗೆ ಬಟ್ಟೆಗೆ ಕೊರತೆಯಿಲ್ಲದವನು. ಬಟ್ಟೆಗೆ ಸ್ವಲ್ಪ ಕೊರತೆಯಿತ್ತು ಅನ್ನಿ. ಹೊಟ್ಟೆ ವರ್ಷಕ್ಕೊಂದು ಹೊಸ ಅಂಗಿ ಕೇಳುತ್ತಿತ್ತು.

ಅವನಿಗೆ ಒಬ್ಬಳೇ ತಂಗಿ. ಅವಳ ಚೊಚ್ಚಲು ಮಗನಿಗೆ ಜವಳ ತೆಗೆಸಬೇಕು. ಹುಟ್ಟುಗೂದಲು ತೆಗೆಯುವಾಗ ಮಗು ಎಲ್ಲಿ ಕೂರಬೇಕು? ಸೋದರಮಾವನ ಮಡಿಲಲ್ಲಿ. ಸಾಹುಕಾರ ಚಕ್ಕಳಮಕ್ಕಳ ಹಾಕಿ ಕೂತು ನೋಡಿದ. ನೋಡಿ, ಮಡಿಲೇ ಇಲ್ಲ! ಹೊಟ್ಟೆ ಮೊದಲೇ ಬಂದು ಅಲ್ಲಿ ಕೂತುಬಿಟ್ಟಿದೆ.

ಹಠ ಹಿಡಿದ. ಒಂದು ತಿಂಗಳು ಬರೀ ನೀರುಮಜ್ಜಿಗೆ. ತಲೆ ಸುತ್ತಿತು, ಕಂಡಕಂಡವರ ಮೇಲೆ ರೇಗಿದ, ಹೆಂಡತಿ ತವರಿಗೆ ಹೋಗಲು ಬಟ್ಟೆ ಗಂಟು ಕಟ್ಟಿದಳು. ಆದರೂ ಅಂಗೈಯಗಲ ಮಡಿಲು ಬಂತು, ಜವಳವೂ ನಡೆಯಿತು. ಕ್ಷೌರದವನು ಕತ್ತಿ ಕೆಳಗಿಟ್ಟ ಗಳಿಗೆಯಲ್ಲೇ ಸಾಹುಕಾರ "ಎಲೆ ಹಾಕ್ರೋ" ಅಂದ. ಕೂತ ಕೂತಲ್ಲೇ ಹನ್ನೊಂದು ಹೋಳಿಗೆ! ಯುಗಾದಿಯ ಹೊತ್ತಿಗೆ ಹೋದ ಹೊಟ್ಟೆ ವಾಪಸು ಬಂತು. ಒಂದೇ ಬರಲಿಲ್ಲ, ತಮ್ಮನನ್ನೂ ಕರಕೊಂಡು ಬಂತು.

ತಂಗಿಗೆ ಎರಡನೆಯದು ಹೆಣ್ಣುಮಗು. ವರ್ಷ ತುಂಬಿತು. ಸಾಹುಕಾರ ಮತ್ತೆ ಮಜ್ಜಿಗೆ ಹಿಡಿದ. ನಾಲ್ಕನೇ ದಿನ ಕೊಟ್ಟಿಗೆ ಬಾಗಿಲಲ್ಲಿ ದೊಪ್ಪನೆ ಬಿದ್ದ. ನಾಲ್ಕು ಜನ ಸೇರಿ ಎತ್ತಿದರು, ಜವಳ ನಿಂತಿತು. ನೋಡಲು ಬಂದ ತಂಗಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಕೇಳಿದಳು:

"ಅಣ್ಣಾ, ಗಂಡುಮಗೂಗೆ ಇದ್ದ ಮಡಿಲು ಹೆಣ್ಣುಮಗೂಗೆ ಇಲ್ವಾ?"

"ಹಂಗನ್ನಬೇಡ ತಾಯಿ."

"ಮೂರನೇ ವರ್ಷದವರೆಗೂ ಕಾಯ್ತೀನಿ. ಆಗಲೂ ಇಲ್ಲ ಅಂದ್ರೆ ಚಿಕ್ಕಪ್ಪನ ಮಗನ ಮಡಿಲಲ್ಲಿ ಕೂರಿಸ್ತೀನಿ. ಆಮೇಲೆ ಇವಳು ಮಾವಾ ಅಂತ ಓಡೋದು ಅವನ ಮನೆಗೇ."

ಬಿದ್ದ ಪೆಟ್ಟಿಗಿಂತ ಆ ಮಾತು ನೋಯಿಸಿತು. ಕೊಟ್ಟಿಗೆಯಲ್ಲಿ ಹೋರಿಯ ಮೈ ಸವರುತ್ತ ಕೂತ. ಅಪ್ಪನ ಕಾಲದಿಂದ ಹೊಲದ ಆರಂಬ ಮಾಡುತ್ತಿದ್ದ ಮುದುಕ ಆಳು ಅಲ್ಲೇ ಸಗಣಿ ಬಾಚುತ್ತ ಕೇಳಿದ:

"ಯಜಮಾನ್ರೇ, ಈ ಹೋರಿ ಕೊಬ್ಬಿ ನೊಗಕ್ಕೇ ಬರದಿದ್ದಾಗ ಎಷ್ಟು ದಿನ ಉಪವಾಸ ಕೆಡವಿದ್ರಿ?"

"ನಿಂಗೇನು ತಲೆ ಕೆಟ್ಟಿದೆಯಾ? ಉಪವಾಸ ಕೆಡವಿದ್ರೆ ಹೋರಿ ಉಳಿಯುತ್ತಾ? ಹಿಂಡಿ ಒಂದು ಹಿಡಿ ಕಮ್ಮಿ ಮಾಡಿದೆ, ದಿನಾ ಕೆರೆವರೆಗೂ ನಡೆಸಿದೆ."

"ಎಷ್ಟು ದಿನ?"

"ದಿನದ ಮಾತೇನು ಬಂತು? ಈಗಲೂ ಹಂಗೇ ನಡೀತಿದೆ."

"ಹೋರಿ ಪುಣ್ಯ ಮಾಡಿತ್ತು, ಒಳ್ಳೇ ಯಜಮಾನ ಸಿಕ್ಕಿದ. ನಿಮಗೆ ಸಿಗಲಿಲ್ಲ," ಅಂದು ಮುದುಕ ಸಗಣಿಯ ಮಂಕರಿ ಎತ್ತಿಕೊಂಡು ತಿಪ್ಪೆಯ ಕಡೆ ಹೋದ.

ಮಾರನೆಯ ದಿನದಿಂದ ಸಾಹುಕಾರನ ಎರಡು ಮುದ್ದೆ ಒಂದೂವರೆಯಾಯಿತು, ಸೊಪ್ಪಿನ ಸಾರು ಒಂದು ಸೌಟು ಹೆಚ್ಚಾಯಿತು. ಗಾಡಿ ಬಿಟ್ಟು ಹೋರಿಯ ಹಗ್ಗ ಹಿಡಿದು ಕೆರೆವರೆಗೂ ನಡೆದ. ಯಾರು ಯಾರನ್ನು ನಡೆಸುತ್ತಿದ್ದಾರೆ ಅಂತ ಊರಿಗೆ ತಿಳಿಯಲಿಲ್ಲ! ಹಬ್ಬ ಬಂದರೆ ಹೋಳಿಗೆ ತಿಂದ; ಮಾರನೆಯ ದಿನ ಮತ್ತೆ ಒಂದೂವರೆ ಮುದ್ದೆ. ಎರಡು ತಿಂಗಳಾದರೂ ಹೊಟ್ಟೆ ಅಲ್ಲಾಡಲಿಲ್ಲ. "ಏನೂ ಆಗ್ತಿಲ್ಲವಲ್ಲೋ" ಎಂದು ಮುದುಕನ ಮೇಲೆ ರೇಗಿದ. "ಹೋರಿ ಹಿಂಗೆ ದಿನಾ ಕೇಳ್ತಿರಲಿಲ್ಲ," ಅಂದ ಮುದುಕ.

ಮೂರನೇ ವರ್ಷ. ಜಡೆ ಹಾಕುವಷ್ಟು ಕೂದಲು ಬೆಳೆದಿದ್ದ ಮಗು ಮಾವನ ಮಡಿಲಲ್ಲಿ ಕೂತಿತು. ಕೂತದ್ದಷ್ಟೇ ಅಲ್ಲ, ಅರ್ಧ ತಲೆ ಬೋಳಾಗುವಷ್ಟರಲ್ಲಿ ಅಲ್ಲೇ ನಿದ್ದೆ ಹೋಯಿತು. ಅಷ್ಟು ಜಾಗ! ಊಟಕ್ಕೆ ಎರಡು ಹೋಳಿಗೆ ತಿಂದು ಸಾಹುಕಾರ ಎಲೆಗೆ ಕೈ ಅಡ್ಡ ಹಿಡಿದ.

"ಇನ್ನೇನಣ್ಣಾ, ಜವಳ ಮುಗೀತಲ್ಲ, ಉಣ್ಣು," ಅಂದಳು ತಂಗಿ.

"ಮುಗಿದಿದ್ದು ಕೂದಲು ತೆಗೆಯೋದು ತಾಯಿ. ಇವಳು ನಾಳೆಯೂ ಬಂದು ಕೂರ್ತಾಳಲ್ಲ."

ನಗುತ್ತಿದ್ದೀರಿ. ನಗಿ. ಆದರೆ ಆ ಸಾಹುಕಾರ ಯಾರು? ಏಕಾದಶಿಗೆ ನಿರಾಹಾರ ಇದ್ದು ದ್ವಾದಶಿಗೆ ಎರಡೂ ದಿನದ್ದು ಸೇರಿಸಿ ಉಣ್ಣುವವರು ಯಾರು? ಮಗಳ ಮದುವೆಗೆಂದು ಸಣ್ಣಗಾಗಿ, ಬೀಗರೂಟದ ದಿನವೇ ಹಳೆಯ ಗಾತ್ರಕ್ಕೆ ಹೊರಟವರು ಯಾರು? ಬೇರೆ ಊರಿನವರೇ ಇರಬೇಕು, ಬಿಡಿ.

ನೀವು ಒಂದು ದಿನಕ್ಕಾಗಿ ಹೊಟ್ಟೆ ಇಳಿಸುತ್ತೀರಿ, ಆ ದಿನ ದಾಟಿದ ಕೂಡಲೇ ಬಿಡುತ್ತೀರಿ. ಆ ದಿನವನ್ನು ಮರೆಯಿರಿ. ಸಾಯುವ ತನಕ ಮಾಡಲಾಗದ್ದನ್ನು ಇವತ್ತು ಶುರು ಮಾಡಲೇಬೇಡಿ. ಮಾಡಲಾಗುವಷ್ಟನ್ನೇ ಮಾಡಿ, ಅರ್ಧ ಮುದ್ದೆಯಷ್ಟೇ ಆಗಲಿ. ಆದರೆ ದಿನಾ ಮಾಡಿ. ಹಬ್ಬಕ್ಕೆ ಉಣ್ಣಿ, ಮಾರನೆಯ ದಿನ ನಿಮ್ಮ ಅಳತೆಗೆ ಬನ್ನಿ. ಅಂಗಡಿಗೆ ಬೈಕು ಯಾಕೆ? ನಡೆಯಿರಿ.

ಅಗೋ, ದಾಸೋಹದ ಮನೆಯಿಂದ ಪಾಯಸದ ವಾಸನೆ ಬರುತ್ತಿದೆ, ಮೂಗಿನ ಹಿಂದೆ ನಿಮ್ಮ ಕಿವಿಯೂ ಆಗಲೇ ಅಲ್ಲಿಗೆ ಹೋಗಿದೆ. ಹೋಗಿ, ಒಂದು ಸಲ ಹಾಕಿಸಿಕೊಳ್ಳಿ. ಎರಡನೇ ಸಲ ಸೌಟು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯಿರಿ. ನಾನೂ ನಿಮ್ಮ ಪಂಕ್ತಿಯಲ್ಲೇ ಕೂರುತ್ತೇನೆ. ನನ್ನ ಕೈ ಮೇಲೂ ಒಂದು ಕಣ್ಣಿಡಿ.