ಬಾಗಿಲಿಗೆ ಅಡ್ಡ ಬರುವ ಹಾಸಿಗೆ

ಪೀಠೋಪಕರಣದ ಅಂಗಡಿಯಲ್ಲಿ ದರ್ಜಿಯೊಬ್ಬ ತಾನು ಕೊಂಡ ಸ್ಟೂಲಿನ ಮೇಲೆಯೇ ಕೂತು ಬಿಲ್ಲಿಗೆ ಕಾಯುತ್ತಿದ್ದ. ಪಕ್ಕದಲ್ಲಿ ಅತ್ತೆ ಸೊಸೆ ಸೋಫಾ ಕಮ್ ಬೆಡ್ ಬಿಚ್ಚಿ ನೋಡುತ್ತಿದ್ದರು. ಸೊಸೆ ಮನೆಯ ಅಳತೆಯನ್ನು ದಾರಕ್ಕೆ ಗಂಟು ಹಾಕಿ ತಂದದ್ದು ಕಂಡು ಅವನ ಕಸುಬಿಗೆ ಕೊಂಚ ನೋವಾಯಿತು.

“ಇರೋದೇ ಒಂದು ಕೋಣೆ. ಇದನ್ನ ಬಿಚ್ಚಿದ್ರೆ ಬಾಗಿಲು ತೆಗೆಯೋಕಾಗಲ್ಲ ಕಣೇ.”

“ಹೋದ ಅಂಗಡೀಲಿ ಎತ್ತರ ಜಾಸ್ತಿ ಅಂದ್ರಿ. ಇನ್ನು ನಿಮ್ಮನ್ನ ಒಪ್ಸೋಕೆ ದೇವಲೋಕದ ಬಡಗಿನೇ ಇಳಿದು ಬರ್ಬೇಕು ಅತ್ತೆ.”

“ಬರ್ಲಿ. ಅವನಿಗೂ ಬಾಗಿಲು ತೆಗೀಬೇಕಲ್ಲ.”

“ರಾತ್ರಿ ಹೊತ್ತು ನಾವು ಯಾರಿಗೆ ತೆಗೀಬೇಕು?”

ಅತ್ತೆ ದನಿ ತಗ್ಗಿಸಿದಳು. “ಅವನು ಎರಡನೇ ಪಾಳಿ ಮುಗಿಸಿ ಬರ್ತಿದ್ದ ಹೊತ್ತಿಗೆ ಚಿಲಕ ಅಲ್ಲಾಡುತ್ತೆ.”

“ನಿಮ್ಮ ಮಗ ತೀರಿಕೊಂಡು ವರ್ಷ ಆಯ್ತು. ಅದು ಗಾಳಿ.”

“ಗಾಳಿಗೆ ಕೆಮ್ಮು ಬರುತ್ತಾ?”

ಸೊಸೆ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

“ನಿಮಗೂ ಕೇಳ್ಸುತ್ತಾ?”

“ನೀನು ಎದ್ದು ಕೂರೋದೂ ಕೇಳ್ಸುತ್ತೆ.”

ಅಂಗಡಿಯವನು ಬಂದು, ಇದನ್ನೇ ಕಟ್ಟಿಸಲೇ ಎಂದು ಕೇಳಿದ.

“ಬೇಡ. ಬಾಗಿಲು ಪೂರ್ತಿ ತೆಗೆಯೋ ಹಾಗಿರ್ಬೇಕು. ಚಿಕ್ಕದು ತೋರ್ಸಿ,” ಎಂದಳು ಸೊಸೆ.

“ಚಿಕ್ಕದರಲ್ಲಿ ಇಬ್ಬರು ಹಿಡಿಸಲ್ಲಮ್ಮ.”

“ಒತ್ತರಿಸ್ಕೊಂಡು ಮಲಗ್ತೀವಿ,” ಎಂದು ಅತ್ತೆಯ ಕೈ ಹಿಡಿದು ಒಳಗಿನ ಸಾಲಿಗೆ ನಡೆದಳು.