ಗರಟೆ ಕಟ್ಟಿಕೊಂಡ ಬೈಕು

ಕಡಲನ್ನು ಅದರ ಜಾಗದಲ್ಲಿ ನಿಲ್ಲಿಸಿ ನಮ್ಮನ್ನು ಈ ಜಗಲಿ ಮೇಲೆ ಕೂರಿಸಿದ ದೇವಿ ಅಮ್ಮನಿಗೆ ಕೈಮುಗಿದೆ. ದೋಣಿಯವರ ಬೆನ್ನಿಗೆ ನಿಲ್ಲುವ ಬೊಬ್ಬರ್ಯನಿಗೂ ಕೈಮುಗಿದೆ. ಮುದುಕನ ಬಾಯಿ, ಎಲ್ಲಾದರೂ ತಪ್ಪಿ ಹೇಳಿದರೆ ಅವರೇ ಸರಿಮಾಡಿ ನಿಮ್ಮ ಕಿವಿಗೆ ಹಾಕಲಿ.

ಅಲ್ಲ, ಹೆಡ್‌ಲೈಟಿಗೇ ಯಾಕೆ ಅಂತ ಕೇಳಿದೆಯಲ್ಲ ರಶ್ಮಿ, ನಿಮ್ಮ ಅಜ್ಜಿ ಪ್ರತಿ ಸೋಮವಾರ ದೇವಸ್ಥಾನದಿಂದ ಬಂದವಳು ಸೀದಾ ಆ ಹಳೇ ಬೈಕಿನ ಹತ್ತಿರ ಹೋಗಿ ಹೆಡ್‌ಲೈಟಿಗೆ ತೀರ್ಥ ಚಿಮುಕಿಸ್ತಾಳೆ, ಹ್ಯಾಂಡಲಿಗಿಲ್ಲ, ಟ್ಯಾಂಕಿಗಂತೂ ಇಲ್ಲವೇ ಇಲ್ಲ, ಅದಕ್ಕೆ ಒಂದು ಕಾರಣ ಇದೆ ಮಗಾ. ಅಜ್ಜಿ ಒಳಗೆ ದೋಸೆ ಹೊಯ್ತಾ ಇದ್ದಾಳೆ, ಕೇಳಿದರೆ ಕೇಳಲಿ, ಬಿಡು. ನಾನು ಮೊದಲು ಹಂಗಾರಕಟ್ಟೆಯಲ್ಲಿ ರಾಮ ತಾಂಡೇಲರ ದೋಣಿಗೆ ಹೋಗ್ತಿದ್ದೆ, ಗೊತ್ತಲ್ಲ? ಒಂದು ವರ್ಷ ಹೊಳೆ ಕಡಲಿಗೆ ಸೇರುವ ಅಳಿವೆ ಬಾಯಲ್ಲಿ ದೋಣಿ ಮಗುಚಿತು. ಎಲ್ಲರೂ ಬದುಕಿ ಬಂದೆವು, ಅಮ್ಮನ ದಯೆ. ನಾನು ಬಲೆಯ ಬೆಂಡು ಅಪ್ಪಿಕೊಂಡು ತೇಲ್ತಾ ಇದ್ದೆ, ಎಷ್ಟು ಹೊತ್ತು ಅಂತ ಈಗಲೂ ಗೊತ್ತಿಲ್ಲ. ಆಮೇಲೆ ಏನಾಯ್ತು ಅಂದರೆ, ದೋಣಿಗೆ ಕಾಲಿಟ್ಟರೆ ಸಾಕು, ಮೊಣಕಾಲು ಎರಡೂ ಗಡಗಡ. ದಡದಲ್ಲಿ ಕಟ್ಟಿಹಾಕಿದ ದೋಣಿಯಲ್ಲೂ ಹಾಗೇ. ತಾಂಡೇಲರು ಒಳ್ಳೆ ಜನ, ನಗಲಿಲ್ಲ. "ಮೀನ್ ಹಿಡುಕಾಗ್ದಿರೆ ಮೀನ್ ಮಾರ್ ಮಾರಾಯಾ, ಎರಡೂ ಮೀನೇ ಅಲ್ದಾ" ಅಂದರು. ಹಾಗೆ ಒಂದು ಹಳೇ ಬೈಕ್ ತಗೊಂಡೆ, ಹಿಂದೆ ಐಸ್ ಪೆಟ್ಟಿಗೆ ಕಟ್ಟಿದೆ, ಬೆಳಿಗ್ಗೆ ಬೂತಾಯಿ, ಬಂಗ್ಡಿ ಮೀನು ತುಂಬಿಕೊಂಡು ಸಾಯ್ಬ್ರಕಟ್ಟೆ ದಾಟಿ ಹಾಲಾಡಿವರೆಗೆ ಹಾರ್ನ್ ಹೊಡೀತಾ ಹೋಗೂದು. ಆಗ ನಿಮ್ಮ ಅಮ್ಮನಿಗೆ ಆರು ವರ್ಷ, ಅಲ್ಲ, ಏಳು, ಶಾಲೆಗೆ ಸೇರಿಸಿ ಆಗಿತ್ತು.

ಚೆನ್ನಾಗಿಯೇ ನಡೀತಿತ್ತು. ಒಂದು ದಿನ ಅಂಗಳದಲ್ಲಿ ಬೈಕಿನಡಿ ಮಣ್ಣು ಒದ್ದೆ, ಪೆಟ್ರೋಲ್ ವಾಸನೆ. ಬಗ್ಗಿ ಕಂಡರೆ ಕಾರ್ಬುರೇಟರಿನ ಬುಡದ ನಳಿಗೆಯಿಂದ ಟಿಪ್, ಟಿಪ್, ಟಿಪ್. ಬ್ರಹ್ಮಾವರದಲ್ಲಿ ಒಬ್ಬ ಮೆಕ್ಯಾನಿಕ್ ಬಿಚ್ಚಿ ವಾಷರ್ ಬದಲಿಸಿ ಬಟ್ಟೆಯಲ್ಲಿ ಒರೆಸಿ ಕೊಟ್ಟ. ಒಂದು ದಿನ ಸುಮ್ಮನಿತ್ತು, ಮತ್ತೆ ಟಿಪ್ ಟಿಪ್. ಇನ್ನೊಬ್ಬ ಒಳಗೆ ತೇಲುವ ಬುಡ್ಡೆ ತೂತಾಗಿದೆ ಅಂದ. ಕಿವಿ ಹತ್ತಿರ ಹಿಡಿದು ಕುಲುಕಿ ಕಂಡ, ಒಳಗೆ ಏನೂ ಗುಳುಗುಳು ಇಲ್ಲ, ತೂತಾಗಿಲ್ಲ ಅಂತ ಅವನೇ ಒಪ್ಪಿಕೊಂಡು ಮತ್ತೆ ಒರೆಸಿ ಕೊಟ್ಟ. ಮೂರನೆಯವ ಕೈಯನ್ನೇ ಹಾಕಲಿಲ್ಲ. "ಇದ್ರ ಕಥಿ ಮುಗೀತ್, ಹೊಸ ಕಾರ್ಬುರೇಟರ್ ತರ್ಸ್‌ಕ್, ಹದಿನೈದ್ ದಿನ ಆತ್ತ್" ಅಂದ. ಹದಿನೈದು ದಿನ! ಲೈನಿನಲ್ಲಿ, ಅಂದರೆ ದಿನಾ ಅದೇ ದಾರಿಯಲ್ಲಿ, ಬರುವ ಮೀನಿನವ ಮೂರು ದಿನ ಬಾರದಿದ್ದರೆ ಜನ ನಾಲ್ಕನೇ ದಿನ ಬೇರೆ ಹಾರ್ನಿಗೆ ಕಿವಿ ಕೊಡ್ತಾರೆ. ಆಗಲೇ ಒಂದೆರಡು ದಿನ ತಪ್ಪಿಹೋಗಿತ್ತು. ಇತ್ತ ತಾಂಡೇಲರು ದೋಣಿಗೆ ಜನ ಕಡಿಮೆ, ನಾಡಿದ್ದಿಂದ ಬಾ ಅಂತ ಹೇಳಿ ಕಳಿಸಿದ್ದರು. ಬೈಕು ನಿಂತರೆ ದೋಣಿ. ದೋಣಿ ಅಂದರೆ ನನ್ನ ಮೊಣಕಾಲು. ನಾನು ಹೆಂಡತಿ ಹತ್ತಿರ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳಿಗೂ ಗೊತ್ತಿತ್ತು.

ಆಗ ನಾನು ಮಾಡಿದ ಬುದ್ಧಿವಂತಿಕೆ ಕೇಳಿ, ನಗಬೇಡಿ. ಒಂದು ತೆಂಗಿನ ಗರಟೆಯನ್ನ ಬಲೆದಾರದಲ್ಲಿ ಕಾರ್ಬುರೇಟರಿನಡಿ ಕಟ್ಟಿದೆ. ಸೋರಿದ್ದು ಗರಟೆಗೆ ಬೀಳಲಿ, ತುಂಬಿದಾಗ ಮತ್ತೆ ಟ್ಯಾಂಕಿಗೆ ಹೊಯ್ದರಾಯ್ತು ಅಂತ! ಕಾದ ಇಂಜಿನ್, ಪಕ್ಕದಲ್ಲಿ ಗರಟೆ ತುಂಬ ಪೆಟ್ರೋಲ್, ಅದರ ಮೇಲೆ ನಾನು. ದೇವರೇ, ಈಗ ನೆನೆದರೂ ಮೈ ಜುಮ್ ಅಂತದೆ. ಅಮ್ಮ ಕಾಪಾಡು ಅಂತ ಹೇಳಿ ಹೊರಟೆ. ಅಮ್ಮ ಕಾಪಾಡಿದಳು, ಆದರೆ ಅದನ್ನ ಅವಳು ಎಷ್ಟು ಸಲ ಮಾಡಬೇಕು ಹೇಳಿ? ಹಾಲಾಡಿ ಸರ್ಕಲ್ಲಿನ ಹತ್ತಿರ ಸ್ಟೋವ್ ರಿಪೇರಿಯ ಸಂಜೀವಣ್ಣ ಅಂತ ಒಬ್ಬರಿದ್ದರು, ಬೊಂಬಾಯಿಯ ಹೋಟೆಲುಗಳಲ್ಲಿ ಪಂಪ್ ಸ್ಟೋವ್ ರಿಪೇರಿ ಮಾಡಿಕೊಂಡಿದ್ದವರು, ಊರಿಗೆ ಬಂದು ಸಣ್ಣ ಅಂಗಡಿ ಇಟ್ಟಿದ್ದರು. ದಿನಾ ನನ್ನ ಹತ್ತಿರ ಬಂಗ್ಡಿ ತಗೊಳ್ಳೂದು. ಅವತ್ತು ಬಂಗ್ಡಿ ಕಾಣಲೇ ಇಲ್ಲ ಅವರು, ಗರಟೆ ಕಂಡರು.

"ಹ್ವಾಯ್! ಇದೆಂತ ಗರಟಿ? ನಿಮ್ಮ್ ಗಾಡಿ ಕಳ್ಳ್ ಇಳ್ಸ್‌ತಾ?"

"ನಗ್ಬೇಡಿ ಮಾರಾಯ್ರೆ. ಮೂರ್ ಜನ ಕಂಡ್ರ್, ಆಯ್ಲಿಲ್ಲೆ. ಇವತ್ತ್ ಇದ್ರ ಕಡೀ ದಿನ."

"ಅರೇ ಬಾಬಾ, ಕಡೀ ದಿನ ಗಾಡಿದಲ್ಲ, ನಿಮ್ದ್ ಆತಿತ್ತ್! ಇಳೀನಿ ಮೊದ್ಲ್. ನಾಬ್ ಮುಚ್ಚಿ. ಪೆಟ್ರೋಲ್ ನಿಲ್ಲಿಸ್ದೆ ಯಾರಾರೂ ರಿಪೇರಿ ಮಾಡ್ತ್ರಾ?"

ನಾಬ್ ಮುಚ್ಚಿದೆ. ಗರಟೆ ಬಿಚ್ಚಿ ದೂರ ಇಟ್ಟರು. ಇಂಜಿನ್ ತಣಿಯುವವರೆಗೆ ಮುಟ್ಟಲಿಲ್ಲ. ಬೀಡಿ ಹಚ್ಚಿಕೊಂಡು ಬಂದ ಒಬ್ಬ ಗಿರಾಕಿಯನ್ನ ರಸ್ತೆಯ ಆಚೆ ಓಡಿಸಿದರು. ಆಮೇಲೆ ಒಂದು ಗಾಜಿನ ಲೋಟ ತಂದು, ಕಾರ್ಬುರೇಟರಿನ ಬುಡದಲ್ಲಿ ಒಂದು ಬಟ್ಟಲಿರ್ತದಲ್ಲ, ಅದರ ಸ್ಕ್ರೂ ಸಡಿಲಿಸಿ ಒಳಗಿದ್ದದ್ದನ್ನ ಲೋಟಕ್ಕೆ ಬಿಟ್ಟರು. ಬೆಳಕಿಗೆ ಹಿಡಿದರು. "ಇಲ್ಲಿ ಕಾಣಿ." ಕಂಡೆ. ಮೇಲೆ ಪೆಟ್ರೋಲು, ಅಡಿಯಲ್ಲಿ ನೀರು, ಮುತ್ತಿನ ಹಾಗೆ ಉರುಟುರುಟು ಹನಿ. ನೀರಿನ ಅಡಿಯಲ್ಲಿ ಹಳದಿ ಮಡ್ಡಿ. ಆಮೇಲೆ ಬಟ್ಟಲನ್ನೇ ಕಳಚಿ ತೋರಿಸಿದರು. ಅದು ನಮ್ಮ ಬಲೆ ಬೆಂಡಿನದ್ದೇ ಲೆಕ್ಕ ಮಕ್ಕಳೇ. ಬಟ್ಟಲಲ್ಲಿ ಪೆಟ್ರೋಲ್ ಏರಿದ ಹಾಗೆ ಬುಡ್ಡೆ ತೇಲ್ತದೆ, ತೇಲಿದ ಬುಡ್ಡೆ ಒಂದು ಸೂಜಿಯನ್ನ ಮೇಲೆ ಒತ್ತುತ್ತದೆ, ಆ ಸೂಜಿ ಪೆಟ್ರೋಲ್ ಬರುವ ಬಾಗಿಲು ಮುಚ್ಚುತ್ತದೆ. ಸೂಜಿಯ ಮೂತಿಗೆ ಒಂದು ಸಾಸಿವೆಯಷ್ಟು ಕಸ ಕೂತರೂ ಬಾಗಿಲು ಅರ್ಧ ತೆರೆದೇ ಇರ್ತದೆ. ತುಂಬಿ ಸೋರ್ತದೆ, ಅಷ್ಟೇ. ಸೂಜಿಯ ಮೂತಿಯಲ್ಲೂ ಅದೇ ಹಳದಿ ಮಡ್ಡಿ.

"ಸ್ಟೋವಿನ್ ಪಿನ್ನಿಗ್ ಕಸ ಕೂತಾಂಗೇ" ಅಂದರು ಸಂಜೀವಣ್ಣ. "ಮೂರ್ ಜನ ಕಂಡ್ರ್ ಅಂದ್ರಿ. ಸೋರುದ್ ಎಲ್ಲಿ ಅಂದೇಳಿ ಕಂಡ್ರ್. ಕಸ ಎಲ್ಲಿಂದ ಬತ್ತ್ ಅಂದೇಳಿ ಯಾರಾರೂ ಕಂಡ್ರಾ? ಟ್ಯಾಂಕ್ ಬಿಚ್ಚುವ."

ಬಿಚ್ಚಿದೆವು. ಪೆಟ್ರೋಲನ್ನ ಕ್ಯಾನಿಗೆ ಇಳಿಸಿ, ಕಡೆಗೆ ಉಳಿದದ್ದನ್ನ ಬಿಳಿ ಬಟ್ಟೆ ಮೇಲೆ ಹೊಯ್ದರು. ಒಂದು ಲೋಟದಷ್ಟು ನೀರು. ಹಳದಿ ಮಡ್ಡಿ. ಅದರ ಜೊತೆಗೆ ಕಪ್ಪಾಗಿ ಸುರುಟಿಹೋದ ಸಣ್ಣ ಸಣ್ಣ ಎಲೆ, ಐದೋ ಆರೋ. ಸಂಜೀವಣ್ಣ ಒಂದನ್ನ ಬೆರಳಲ್ಲಿ ಬಿಡಿಸಿದರು. ನನ್ನ ಮುಖ ಕಂಡರು.

"ಹ್ವಾಯ್, ಇದ್ ತುಳ್ಸಿ ಅಲ್ದಾ? ಗಾಡಿಗೆ ತೀರ್ಥ ಕುಡ್ಸಿದ್ದ್ ಯಾರ್?"

ನನಗೆ ಗೊತ್ತಾಗಿತ್ತು, ಆ ಹಳದಿ ಮಡ್ಡಿ ತೀರ್ಥದ ಗಂಧ. ನಮ್ಮಲ್ಲಿ ದೋಣಿ ನೀರಿಗೆ ಇಳಿಯುವ ಮೊದಲು ಮನೆ ಹೆಂಗಸು ತೀರ್ಥ ತಂದು ದೋಣಿಯ ಮೂತಿಗೆ ಹೊಯ್ಯೂದು ಕ್ರಮ. ನಾನು ಕಡಲಿಗೆ ಹೋಗುವಷ್ಟು ಕಾಲ ಗುಲಾಬಿ, ಅಂದರೆ ನಿಮ್ಮ ಅಜ್ಜಿಯೇ, ಒಂದು ವಾರ ತಪ್ಪಿಸಿದವಳಲ್ಲ. ದೋಣಿ ಬಿಟ್ಟ ಮೇಲೆ ಆ ತೀರ್ಥ ಎಲ್ಲಿಗೆ ಹೋಗ್ತಿತ್ತು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಸಂಜೀವಣ್ಣ ಟ್ಯಾಂಕ್ ತೊಳೆದು ಒಣಗಿಸಿ, ಸೂಜಿಯ ಮೂತಿ, ಅದು ಕೂರುವ ಜಾಗ ಎರಡನ್ನೂ ಚೊಕ್ಕ ಮಾಡಿ, ಊದಿ, ಜೋಡಿಸಿದರು. ಬೈಕಿನಡಿ ಒಂದು ಹಳೇ ಪೇಪರ್ ಹಾಸಿ ನಾಬ್ ತೆರೆದರು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಪೇಪರನ್ನೇ ಕಂಡೆವು. ಬಾಯಲ್ಲಿ ಅಮ್ಮನ ಹೆಸರು ಬಿಟ್ಟರೆ ನನಗೆ ಬೇರೆ ಏನೂ ಇಲ್ಲ. ಎಷ್ಟೋ ಹೊತ್ತು. ಪೇಪರ್ ಒಣಗಿಯೇ ಇತ್ತು. ಒಂದು ಹನಿ ಇಲ್ಲ! "ಹೋಯ್ನಿ, ಮೀನ್ ಹಾಳಾತ್ತ್" ಅಂತ ಬೆನ್ನಿಗೆ ಗುದ್ದಿ ಕಳಿಸಿದರು ಪುಣ್ಯಾತ್ಮರು. ಐಸು ಇನ್ನೂ ಪೂರ್ತಿ ಕರಗಿರಲಿಲ್ಲ.

ಮನೆಗೆ ಬಂದು, ನಿಜ ಹೇಳ್ತೇನೆ, ಬೈಯಬೇಕು ಅಂತಲೇ ಬಂದದ್ದು. ದಾರಿ ಉದ್ದ ಮಾತು ಜೋಡಿಸಿದ್ದೆ. ಅವಳು ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಆ ಕರಿ ತುಳಸಿ ಎಲೆಯನ್ನ ಅಂಗೈಯಲ್ಲಿ ಹಿಡಿದು ತೋರಿಸಿದೆ. ಅವಳು ಕಂಡಳು, ನನ್ನ ಕಂಡಳು, ಬೈಕ್ ಕಂಡಳು.

"ಟ್ಯಾಂಕಲ್ಲಿತ್ತಾ?"

"ಹೌದ್."

"ಅದ್ರಿಂದಲೇ ಸೋರ್ತಿದ್ದದ್ದಾ?"

"ಹೌದ್."

"ದೋಣಿಗಾರೆ ಮೂತಿ ಇತ್ತ್" ಅಂದಳು, ದನಿ ಸಣ್ಣಗಾಗಿತ್ತು. "ಇದಕ್ಕೆ ಎಲ್ಲಿ ಹಾಕುದ್ ಅಂದೇಳಿ ನಂಗ್ ಗೊತ್ತಾಯ್ಲಿಲ್ಲೆ. ಬಾಯಿ ಇತ್ತಲೆ ಅಂದೇಳಿ ಅದ್ರ್ ಬಾಯಿಗೇ ಹಾಕ್ದೆ. ಸೋರುಕೆ ಶುರುವಾದ್ ಮೇಲೆ ಒಂದ್ ಚಮ್ಚ ಜಾಸ್ತಿಯೇ ಹಾಕ್ದೆ. ನಾನೇ ನಿಮ್ಮನ್ನ ಸುಡುಕ್ ಹೊರಟಿದ್ನಾ?"

ಅಳಲಿಲ್ಲ ಅವಳು, ಬೂದಿ ಕೈಯನ್ನ ಸೀರೆಗೆ ಒರೆಸ್ತಾ ಒರೆಸ್ತಾ ನಿಂತಳು. ನಾನು ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯ್ತೋ. ಕಡಲಿನ ಹೆದರಿಕೆ ನನಗೊಬ್ಬನಿಗೇ ಅಂತ ತಿಳಿದುಕೊಂಡಿದ್ದೆ, ಕಾಣಿ. ನಾನು ಮಗುಚಿದ್ದು ಒಂದು ಸಲ. ಅವಳು ದಡದಲ್ಲಿ ನಿಂತು ದಿನಾ ಮಗುಚ್ತಾ ಇದ್ದಳು.

ಮರುದಿನ ಸೋಮವಾರ, ಬೆಳಿಗ್ಗೆ ನಾನು ಹೊರಡುವಾಗ ಅವಳು ಬಾಗಿಲಲ್ಲೇ ನಿಂತಳು, ಬೈಕಿನ ಹತ್ತಿರ ಬರಲಿಲ್ಲ, ಕೈ ಎರಡೂ ಬೆನ್ನ ಹಿಂದೆ. "ತೀರ್ಥ ಇಲ್ಯಾ?" ಅಂತ ಕೇಳಿದೆ. ತಲೆ ಅಲ್ಲಾಡಿಸಿದಳು. "ತಕಂಬಾ ಹೆಣ್ಣೇ" ಅಂದೆ. ತಂದಳು. ಕೈ ಹಿಡಿದು ಬೈಕಿನ ಎದುರು ನಿಲ್ಲಿಸಿ ಹೆಡ್‌ಲೈಟ್ ತೋರಿಸಿದೆ. "ಇದ್ ಇದ್ರ್ ಮೂತಿ. ಇಲ್ಲಿ ಹಾಕ್." ಹಾಕಿದಳು. ನಾನು ದೋಣಿಗೆ ಮತ್ತೆ ಹೋಗಲಿಲ್ಲ. ನಿಮ್ಮ ಅಮ್ಮನ ಮದುವೆಯಾಗುವವರೆಗೂ ಅದೇ ಬೈಕು, ಅದೇ ಲೈನು.

ಅದಕ್ಕೇ ಹೇಳೂದು ಮಕ್ಕಳೇ, ಎಲ್ಲಾದರೂ ಸೋರಿದರೆ ಮೊದಲು ನಾಬ್ ಮುಚ್ಚಿ, ಆಮೇಲೆ ಕಸ ಎಲ್ಲಿಂದ ಬಂತು ಅಂತ ಕಾಣಿ. ಅದು ಪ್ರೀತಿಯಿಂದ ಬಂದ ಕಸ ಆದರೆ ಬೈಯಬೇಡಿ, ಹಾಕುವ ಜಾಗ ತೋರಿಸಿ. ಸಾಕು, ದೋಸೆ ಆರ್ತದೆ, ಏಳಿ. ಕೇಳಿದ ನಿಮ್ಮ ಕಿವಿ ತಂಪಾಗಿರಲಿ, ಹೋದ ದಾರಿಯಲ್ಲಿ ಅಮ್ಮ ಮುಂದೆ ಇರಲಿ, ಮನೆಗೆ ತಿರುಗಿ ಬರುವಾಗ ಬಾಗಿಲಲ್ಲಿ ಒಬ್ಬರು ಕಾಯ್ತಾ ಇರಲಿ.