ಹೈವೇ ಆಚೆಯ ಸುಖ್ನಾ ಕೆರೆ

ಎಡಕ್ಕ ರೀ ಸುಹಾಸಿನಿ ಅಕ್ಕಾರ, ಎಡಕ್ಕ! ...ಅಯ್ಯ, ದಾಟೇ ಬಿಟ್ರಲ್ಲ. ಇರ್ಲಿ, ಮುಂದಿನ ಸಿಗ್ನಲ್‌ನಾಗ ತಿರುಗಿಸ್ರಿ. ಸಾವಕಾಶ ಹೋಗ್ರಿ. ಹಿಂದಿನಾಂವ ಹಾರ್ನ್ ಹೊಡದ್ರ ಹೊಡ್ಕೊಳ್ಲಿ, ಅವನ ಮಾವ ಏನ್ ಕಳದಿಲ್ಲ. ನಾ ಈ ಕಡೆ ಫುಟ್‌ಪಾತ್ ನೋಡ್ತೀನಿ. ಬೂದಿ ಬಣ್ಣದ ಸ್ವೆಟರ್, ತಲಿಗೆ ಮಂಕಿ ಕ್ಯಾಪ್, ಕಾಲಾಗ ಚಪ್ಪಲಿ... ಹೂಂ ರೀ, ಚಪ್ಪಲಿ! ಶೂ ಹಾಕ್ಕೋರಿ ಮಾವಾರ ಅಂದ್ರ, 'ಇವತ್ತ ರವಿವಾರ, ಡ್ಯೂಟಿ ಇಲ್ಲವಾ' ಅಂತಾರ. ಅವ್ರಿಗೆ ದಿನಾ ರವಿವಾರ. ನಮಗ ದಿನಾ ಡ್ಯೂಟಿ.

ಎಷ್ಟಾತು? ಮೂರ? ಮೂರ ಗಂಟೆ ಆತಾ! ನಾಕೂಕಾಲಕ್ಕ ಹೊತ್ತ ಮುಳಗ್ತೈತಿ. ಮುಂಜಾನೆ ನಲವತ್ತೈದು ಡಿಗ್ರಿ ಫ್ಯಾರನ್‌ಹೀಟ್ ಇತ್ತು ರೀ, ಬಿಸಲು ಬಿದ್ದಿತ್ತು. ಮಧ್ಯಾಹ್ನ ಗಾಳಿ ತಿರುಗಿದ್ದ ತಿರುಗಿದ್ದು... ಈಗ ನಿಮ್ಮ ಕಾರು ಇಪ್ಪತ್ತೊಂಬತ್ತು ತೋರಸಾಕತ್ತೈತಿ. ಮೂವತ್ತೆರಡಕ್ಕ ನೀರು ಐಸ್ ಆಗ್ತೈತಿ.

ನಾನ ಡ್ರೈವ್ ಮಾಡ್ತಿದ್ದೆ. ಲೈಸೆನ್ಸ್ ಐತಿ. ಆದ್ರ ನಾನ ಗಾಡಿ ಹೊಡದ್ರ ಫುಟ್‌ಪಾತ್ ಯಾರು ನೋಡ್ತಾರ? ಅದಕ್ಕ ಬಾಜೂ ಮನಿಯವ್ರು ಅಂತ ನಿಮ್ಮನ್ನ ಕರದೆ. ನಿಮ್ಮ ಅತ್ತಿ ಸರಳಾ ಆಂಟಿ ಬಸ್ ಸ್ಟಾಪ್‌ಗೆ ಹೋಗ್ಯಾರಲ್ಲ? ನನ್ನ ಮಗಳು ಅಕ್ಷರಾ ಸಾಲಿ ಬಸ್ಸಿಂದ ಇಳದ ಕೂಡ್ಲೆ ನಮ್ಮ ಮನಿಗೆ ಕರಕೊಂಡು ಹೋಗಬ್ಯಾಡ್ರಿ ಅಂತ ಹೇಳ್ರಿ. ಪೊಲೀಸ್ರ ಗಾಡಿ ನೋಡಿ ಹೆದರ್ತಾಳ. ಆರು ವರ್ಷದಾಕಿ. ಏನಾರ ಕೇಳಿದ್ರ ಎಲ್ಲಾ ಒದರಿ ಬಿಡ್ತಾಳ... ಎಲ್ಲಾ ಅಂದ್ರ, ಹಂಗ... ಹುಡುಗರು ಏನೇನೋ ಹೇಳ್ತಾವಲ್ಲ.

ನಮ್ಮ ಮನಿಯವ್ರು ವಿಕ್ಸಮ್ ಫ್ಯಾಕ್ಟರಿಯಿಂದ ಹೊಂಟಾರ. ಮಿಶಿಗನ್‌ನಿಂದ ಇಲ್ಲಿಗೆ ಬರಾಕ ಇನ್ನೂ ಮೂರ ತಾಸ ಬೇಕು. ಸೋಮವಾರ ಹೋದ್ರ ಗುರುವಾರ ರಾತ್ರಿನ ಬರೂದು ಅವ್ರು. ಫೋನಿನ್ಯಾಗ ಮೊದಲ ಏನ ಕೇಳಿದ್ರು ಗೊತ್ತೈತೇನ್ರಿ? 'ನೀ ಎಲ್ಲಿದ್ದಿ?' ಅಪ್ಪ ಎಲ್ಲಿ ಅಂತಲ್ಲ, ನೀ ಎಲ್ಲಿದ್ದಿ! ಜಳಕ ಮಾಡಾಕ ಹೋಗಿದ್ದೆ ಅಂದೆ. ಪೊಲೀಸ್ರಿಗೂ ಅದನ್ನ ಹೇಳೀನಿ. ಹನ್ನೆರಡೂವರಿಗೆ ಬಾತ್‌ರೂಮಿಗೆ ಹೋದೆ, ಹೊರಗ ಬಂದ್ರ ಮುಂಬಾಗ್ಲಾ ತೆರದೈತಿ, ಮಾವಾರಿಲ್ಲ. ಇಷ್ಟ. ಇದರಾಗ ಮತ್ತೇನೈತಿ?

ಇಲ್ಲೇ, ಇಲ್ಲೇ ಎಡಕ್ಕ. ಹಾಂ.

ಈ ಕಡೆ ಎದಕ ಅಂದ್ರ... ಮಾವಾರಿಗೆ ಕೆರಿ ಅಂದ್ರ ಜೀವ. ಹೈವೇ ಆಚೆ ಆಫೀಸ್ ಕಟ್ಟಡಗಳ ಹಿಂದ ಒಂದು ಕೆರಿ ಐತಿ. ಕೆರಿ ಏನ ಬಂತು, ಮಳಿ ನೀರು ನಿಲ್ಲಾಕ ಮಾಡಿದ ಹೊಂಡ. ಸುತ್ತಲೂ ದಾರಿ ಮಾಡಿ ನಾಕ ಬೆಂಚ್ ಹಾಕ್ಯಾರ. ಮಾವಾರಿಗೆ ಅದು ಸುಖ್ನಾ ಕೆರಿ.

ಸುಖ್ನಾ ರೀ. ಚಂಡೀಗಢದ ಸುಖ್ನಾ. ನಿಮಗ ಗೊತ್ತಿಲ್ಲ, ನಮ್ಮ ಮಾವಾರ ತಲಿಯೊಳಗ ನಾವು ಅಮೇರಿಕಾದ ಈ ವುಡ್‌ರಿಡ್ಜ್‌ನಾಗ ಇಲ್ಲ. ಚಂಡೀಗಢದಾಗ ಅದೀವಿ.

ಯಾಕ ನಗ್ತೀರಿ? ...ಇಲ್ಲ ಬಿಡ್ರಿ, ನಾನೂ ಮೊದಲ ನಕ್ಕಿದ್ದೆ. ಏರ್‌ಫೋರ್ಸ್‌ನಾಗ ವಿಮಾನದ ಇಂಜಿನ್ ರಿಪೇರಿ ಮಾಡ್ತಿದ್ರು ಅವ್ರು. ಹನ್ನೊಂದು ವರ್ಷ ಚಂಡೀಗಢದಾಗ. ನಮ್ಮ ಮನಿಯವ್ರು ಹುಟ್ಟಿದ್ದೂ ಅಲ್ಲೇ. ಹೋದ ವರ್ಷ ಇಲ್ಲಿಗೆ ಕರಕೊಂಡ ಬಂದ್ವಿ. ಕಾರಿನಾಗ ಕಿಡಕಿಯಿಂದ ನೋಡಿದ್ರು. ನೆಟ್ಟಗಿನ ರಸ್ತೆ, ಎರಡೂ ಕಡೆ ಗಿಡ, ಒಂದ ಕಾಗದದ ಚೂರು ಬಿದ್ದಿಲ್ಲ, ಒಬ್ಬಾಂವ ಉಗುಳಿಲ್ಲ. 'ಗುರುಶಾಂತಪ್ಪ ಮತ್ತ ಚಂಡೀಗಢಕ್ಕ ಬಂದ' ಅಂದ್ರು, ತಮ್ಮ ಹೆಸರು ತಾವ ಹೇಳ್ಕೊಂಡು. ಇಷ್ಟ ಸ್ವಚ್ಛ ಊರು ಅವ್ರು ಕಂಡಿದ್ದು ಅದೊಂದ. ಸ್ವಚ್ಛ ಐತಿ ಅಂದ್ಮ್ಯಾಲ ಚಂಡೀಗಢ ಅಲ್ಲದ ಮತ್ತೇನ? ಮುಗೀತು ಲೆಕ್ಕ.

ಮೊದಲೆಲ್ಲಾ ತಿದ್ದತಿದ್ದೆ. ಮಾವಾರ, ಇದು ಅಮೇರಿಕಾ ರೀ ಅಂತ. ಅಕ್ಷರಾನೂ, 'ನೋ ಅಜ್ಜಾ, ದಿಸ್ ಈಸ್ ಇಲಿನಾಯ್' ಅಂತಿದ್ಲು. ಅವ್ರು ಗಾಬರಿ ಆಗಿ ಪಾಸ್‌ಪೋರ್ಟ್ ಹುಡಕತಿದ್ರು. ಯಾರು ನನ್ನ ಇಲ್ಲಿ ತಂದ್ರು, ರಜಾ ಯಾರು ಸ್ಯಾಂಕ್ಷನ್ ಮಾಡಿದ್ರು ಅಂತ ಅಳತಿದ್ರು ರೀ, ಅಷ್ಟು ಎತ್ತರದ ಮನಷ್ಯಾ! ಊಟ ಬಿಟ್ರು. ಒಂದಿನ ಸಾಕಾಗಿ, 'ಇದು ಸೆಕ್ಟರ್ ಎಷ್ಟವಾ?' ಅಂದ್ರ 'ಹತ್ತೊಂಬತ್ತು' ಅಂದ ಬಿಟ್ಟೆ. ಎರಡು ಚಪಾತಿ ಉಂಡ್ರು. ಆವತ್ತಿಂದ ನಾವು ಸೆಕ್ಟರ್ ಹತ್ತೊಂಬತ್ತು.

ನಾ ಚಂಡೀಗಢ ಎಲ್ಲಿ ನೋಡೀನ್ರಿ? ಸೊಲ್ಲಾಪುರದ ಆಚೆ ಹೋದಾಕಿ ಅಲ್ಲ, ಒಮ್ಮೆಲೆ ವಿಮಾನ ಹತ್ತಿ ಇಲ್ಲಿಗೆ ಬಂದೀನಿ. ಆದ್ರ ಈಗ ಕೇಳ್ರಿ, ಗೈಡ್‌ಗಿಂತ ಚೊಲೊ ಹೇಳ್ತೀನಿ. ಫೋನಿನ್ಯಾಗ ನೋಡಿ ನೋಡಿ ಬಾಯಿಪಾಠ ಮಾಡೀನಿ. ಲೈಬ್ರರಿ ಹಿಂದಿನ ಗುಲಾಬಿ ಮಡಿ ನಮ್ಮ ರೋಸ್ ಗಾರ್ಡನ್. ಹೂವಿಲ್ಲಲ್ಲವಾ ಅಂದ್ರ, ಕಟಿಂಗ್ ಮಾಡ್ಯಾರ ಮಾವಾರ ಅಂತೀನಿ. ಇನ್ನ ರಾಕ್ ಗಾರ್ಡನ್... ಅದು ದೊಡ್ಡ ಕತಿ. ಚಂಡೀಗಢದಾಗ ಒಡದ ಬಳಿ, ಒಡದ ಕಪ್ಪು ಬಸಿ, ಹಳೇ ಟೈಲ್ಸು, ಇಂಥಾ ಹಾಳುಮೂಳು ಕೂಡಿಸಿ ಗೊಂಬಿ ಮಾಡಿ ನಿಲ್ಲಿಸ್ಯಾರಂತ. ನಾ ಇಲ್ಲೇ ಅಂಗಳಕ್ಕ ಹಾಸೂ ಕಲ್ಲು ಮಾರ್ತಾರಲ್ಲ, ಆ ಯಾರ್ಡಿಗೆ ಕರಕೊಂಡು ಹೋದೆ. ಕಲ್ಲಿನ ಗುಡ್ಡಿ ಎಲ್ಲಾ ಸುತ್ತಿದ್ರು. 'ಬಳಿ ಎಲ್ಲಿ?' ಅಂದ್ರು. ಮರುದಿನ ನನ್ನ ಒಡದ ಬಳಿ ಚೂರು ಒಯ್ದು ಕಲ್ಲಿನ ಸಂದಿಯೊಳಗ ಇಟ್ಟೆ. ಹುಡಿಕಿ ಹುಡಿಕಿ ಒಂದೊಂದ ತಗದು ನನಗ ತೋರಿಸಿದ್ರು, ಸಣ್ಣ ಹುಡುಗನಂಗ. ಆ ಯಾರ್ಡಿನಾಂವ ಬಂದು ಬೈದ ಹೋದ, ಅದು ಬ್ಯಾರೆ.

ನಮ್ಮ ಅತ್ತಿ ಗಂಗವ್ವ ತೀರಿ ನಾಕ ವರ್ಷಾತು. ಗಂಗವ್ವ ಎಲ್ಲಿ ಅಂದ್ರ, ಸೆಕ್ಟರ್ ಹದಿನೇಳರ ಮಾರ್ಕೆಟ್ಟಿಗೆ ಹೋಗ್ಯಾರ, ಬರ್ತಾರ ಅಂತೀನಿ. ಪಿಂಜೋರ್ ತೋಟಕ್ಕ ಹೋಗೂಣು ಅಂದ್ರ ಮುಂದಿನ ರವಿವಾರ ಅಂತೀನಿ. ಸುಳ್ಳು ಹೇಳೂದು ರೂಢಿ ಆಗಿ ಬಿಟ್ಟೈತಿ ಅಕ್ಕಾರ. ಬಾಯಿ ತಗದ್ರ ಸುಳ್ಳ.

...ಅವ್ರ ಹತ್ರ ಅಂದೆ. ಮಾವಾರ ಹತ್ರ. ನೀವ್ಯಾಕ ಹಂಗ ನೋಡ್ತೀರಿ? ರಸ್ತೆ ನೋಡ್ರಿ.

ಆದ್ರ ಎಲ್ಲಾಕಿಂತ ಸುಖ್ನಾ ಅಂದ್ರ ಪ್ರಾಣ. ಅಲ್ಲಿ ದೋಣಿ ಇರ್ತಾವಂತ, ಕಾಲಿಂದ ಪೆಡಲ್ ತುಳಿಯೂ ದೋಣಿ. ಆ ನೀಲಿ ಜಾಕೀಟ್ ಹಾಕ್ಕೊಂಡು ಬೆಂಚಿನ ಮ್ಯಾಲ ಕುಂತ್ರ, ದೋಣಿ ಬರೂತನಾ ಏಳಂಗಿಲ್ಲ ಅಂತ...

ಏನ್ರಿ? ಯಾವ ಜಾಕೀಟ್? ನಾ ಜಾಕೀಟ್ ಅಂದ್ನೇನು? ಸ್ವೆಟರ್ ರೀ. ಜಾಕೀಟ್ ಬ್ಯಾರೆ ದಿನ ಹಾಕ್ಕೋತಾರ. ಅದು ನಮ್ಮ ಮನಿಯವ್ರದು, ದೊಡ್ಡದು. ಮನ್ಯಾಗ ಐತಿ... ಎಲ್ಲೋ ಕಪಾಟಿನ್ಯಾಗ.

ಫೋನ್! ಯಾರದು, ಪೊಲೀಸ್ರದಾ? ಸ್ಪೀಕರ್ ಮ್ಯಾಲ ಹಾಕಬ್ಯಾಡ್ರಿ, ನೀವ ಕೇಳ್ರಿ. ...ಏನಂತ? ಸಿಕ್ಕಿಲ್ಲ. ನಮ್ಮ ಲೇಔಟ್ ಹಿಂದಿನ ಗಿಡಗಳಾಗ ಹುಡಕಾಕತ್ತಾರಂತಾ? ಇಪ್ಪತ್ತ ಮಂದಿ? ಬೂದಿ ಸ್ವೆಟರ್ ಅಂತ ಎಲ್ಲಾರಿಗೂ ಹೇಳ್ಯಾರಂತಾ... ಪಾಪ. ಪಾಪ ಅವ್ರು, ಚಳಿಯಾಗ. ಹುಡಕ್ಲಿ. ಹುಡಕ್ಲಿ ಬಿಡ್ರಿ.

ನಾಯಿ? ಪೊಲೀಸ್ರ ನಾಯಿ ಸುದ್ದಿ ಯಾಕ ತಗದ್ರಿ ಈಗ? ಹೌದು, ನಾನೂ ನೋಡಿದೆ. ತಲಿದಿಂಬಿನ ಗವಸು ಮೂಸಿಸಿದ್ರು, ಅದು ಮುಂಬಾಗ್ಲಾ ಬಿಟ್ಟು ಗ್ಯಾರೇಜಿಗೆ ಹೋತು, ನನ್ನ ಕಾರಿನ ಬಾಗ್ಲದ ಹತ್ರ ಕುಂತಬಿಡ್ತು. ಎರಡನೇ ಸಲಾನೂ ಅಲ್ಲೇ ಕುಂತ್ತು. ನಾಯಿಗೆ ಏನ್ ತಿಳೀತೈತಿ! ಇಲ್ಲಿ ನಾಯಿ ಅಂದ್ರ ದೇವ್ರು ಅಂತ ನಂಬ್ತಾರ. ಮನಷ್ಯಾರು ಹೇಳಿದ್ದು ಬಿಟ್ಟು...

ಮುಂದ ಹೋಗ್ರಿ. ಆ ಸೇತುವೆ ದಾಟಿದ್ರ ಆತು. ಕೆಳಗ ಹೋಗೂದು ಮುನ್ನೂರಾ ಐವತ್ತೈದನೇ ನಂಬರಿನ ಹೈವೇ. ಆಚೆ ಕಡೆ ಡೌನರ್ಸ್ ಗ್ರೋವ್. ಎರಡನೇ ರೈಟ್.

ಯಾಕ ಬದಿಗೆ ಹಚ್ಚಿದ್ರಿ?

ಯಾಕ ನಿಲ್ಲಿಸಿದ್ರಿ ಅಕ್ಕಾರ? ಹೊತ್ತ ಹೊಂಟೈತಿ. ಹೋಗ್ರಿ!

...ಮನಿಯಿಂದ ಮೂರ ಮೈಲು ಆಗ್ತೈತಿ, ಗೊತ್ತು. ಈ ಸೇತುವೆ ಮ್ಯಾಲ ಫುಟ್‌ಪಾತ್ ಇಲ್ಲ, ಅದೂ ಗೊತ್ತು. ಎಪ್ಪತ್ತೊಂಬತ್ತು ವರ್ಷದ ಮನಷ್ಯಾ ಚಪ್ಪಲಿ ಹಾಕ್ಕೊಂಡು ಹೆಂಗ ದಾಟಿದ್ರು ಅಂತೀರಾ? ದಾಟಿರಬಹುದು. ಮಿಲಿಟರಿ ಕಾಲು ಅವು. ಯಾರರೆ ಲಿಫ್ಟ್ ಕೊಟ್ಟಿರಬಹುದು.

ಬೈಯ್ರಿ ಬೇಕಾದ್ರ. ಇಂಜಿನ್ ಬಂದ್ ಮಾಡಬ್ಯಾಡ್ರಿ ಅಕ್ಕಾರ, ನಿಮ್ಮ ಕಾಲ್ ಬೀಳ್ತೀನಿ.

...

ಜಳಕ ಮಾಡಾಕ ಹೋಗಿರ್ಲಿಲ್ಲ ನಾನು.

ನಾನ ಕರಕೊಂಡು ಬಂದಿದ್ದೆ. ಇಲ್ಲಿಗೆ. ಆ ಕೆರಿ ದಂಡಿಗೆ. ಮಂಗಳವಾರ, ಗುರುವಾರ, ಹನ್ನೊಂದು ಗಂಟೆಗೆ. ದೋಣಿ ಬರ್ತೈತಿ ಮಾವಾರ, ಏಳಬ್ಯಾಡ್ರಿ ಅಂತ ಹೇಳಿ, ನೀಲಿ ಜಾಕೀಟ್ ಹಾಕಿ, ಕೈಯಾಗ ಚಾದ ಫ್ಲಾಸ್ಕ್ ಕೊಟ್ಟು ಕುಂಡರಿಸಿ ಹೋಗ್ತಿದ್ದೆ. ಅಕ್ಟೋಬರ್‌ನಿಂದ. ಒಂದ ದಿನಾನೂ ಎದ್ದಿಲ್ಲ ಅವ್ರು. ಒಂದ ದಿನಾನೂ!

ಎಲ್ಲಿಗೆ ಅಂದ್ರ... ಸಾಲಿಗೆ. ನಗ್ರಿ ಈಗ. ಎದುರಿನ ಕಟ್ಟಡದಾಗ ದೊಡ್ಡವ್ರಿಗೆ ಕ್ಲಾಸ್ ಐತಿ, ಇಲ್ಲಿಯ ಹೈಸ್ಕೂಲ್, ಅಂದ್ರ ನಮ್ಮ ಪಿಯುಸಿ ಇದ್ದಂಗ, ಆ ಪರೀಕ್ಷೆ ಕಟ್ಟೂ ಕ್ಲಾಸು. ನಮ್ಮ ಮನಿಯವ್ರು ನಿಮ್ಮೆಲ್ಲಾರ ಮುಂದ 'ಸ್ವರೂಪ ಬಿ.ಕಾಂ. ಮಾಡ್ಯಾಳ' ಅಂತ ಹೇಳ್ಯಾರಲ್ಲ, ಸುಳ್ಳು ಅದು. ಹತ್ತನೇತ್ತ ಮುಗದ ಮ್ಯಾಲ ನನ್ನನ್ನ ಯಾರೂ ಸಾಲಿಗೆ ಕಳಸ್ಲಿಲ್ಲ. ನೀವು ಪಾರ್ಟಿಯೊಳಗ ಯಾವ ಕಾಲೇಜು ಅಂತ ಕೇಳಿದ್ರಿ, ನಾ ಪಾಯಸ ತರ್ತೀನಿ ಅಂತ ಎದ್ದು ಹೋದೆ. ನೆನಪೈತಿಲ್ಲ? ಕ್ಲಾಸಿನ ಸುದ್ದಿ ನಮ್ಮ ಮನಿಯವ್ರಿಗೂ ಹೇಳಿಲ್ಲ. ಹೇಳಿದ್ರ, ಅಪ್ಪನ್ನ ಯಾರು ನೋಡ್ತಾರ ಅಂತಿದ್ರು. ಒಂದಿನ ಮಾವಾರನ್ನೂ ಒಳಗ ಕರಕೊಂಡು ಹೋಗಿದ್ದೆ. ಎದ್ದು ನಿಂತು ಟೀಚರಿಗೆ ಸಲ್ಯೂಟ್ ಹೊಡದ್ರು. ಎಲ್ಲಾರೂ ನಕ್ಕರು. ಇನ್ನೊಮ್ಮೆ ಕರಕೊಂಡು ಬರಬ್ಯಾಡ ಅಂದ್ಲು ಆಕಿ.

ಕಿಡಕಿಯಿಂದ ಬೆಂಚು ಕಾಣ್ತಿತ್ತು ರೀ! ನಾ ಕಿಡಕಿ ಪಕ್ಕದ ಕುರ್ಚಿ ಯಾರಿಗೂ ಬಿಡ್ತಿರ್ಲಿಲ್ಲ. ಎರಡ ನಿಮಿಷಕ್ಕೊಮ್ಮೆ ನೋಡ್ತಿದ್ದೆ. ಇವತ್ತ ಕಂಪ್ಯೂಟರಿನ್ಯಾಗ ಗಣಿತದ ಟೆಸ್ಟ್ ಇತ್ತು, ಮುಗದ ಕೂಡ್ಲೆ ಮಾರ್ಕ್ಸ್ ತೋರಿಸ್ತೈತಿ. ನಲವತ್ತು ನಿಮಿಷ ತಲಿ ಎತ್ತಲಿಲ್ಲ. ಎತ್ತಿ ನೋಡಿದ್ರ ಬೆಂಚು ಖಾಲಿ.

ಎಂಬತ್ತೊಂದು ಬಂದಾವ ಅಕ್ಕಾರ. ಪಾಸಾಗೀನಿ.

ಓಡಿದೆ. ಪಾರ್ಕಿಂಗ್ ಎಲ್ಲಾ ಓಡಿದೆ, ಆಫೀಸಿನ ಹಿಂದ, ಕಸದ ಡಬ್ಬಿ ಹಿಂದ, ಎಲ್ಲಾ. ಕೆರಿ ಮಾತ್ರ... ಹೋದ ವಾರದ ಚಳಿಗೆ ಐಸ್ ಕಟ್ಟಿತ್ತು, ಇವತ್ತಿನ ಬಿಸಲಿಗೆ ತೆಳ್ಳಗ ಆಗಿತ್ತು. ಆಚೆ ದಂಡಿ ಹತ್ರ, ಹುಲ್ಲಿನ ಕಡೆ, ಒಂದ ಕಡೆ ಐಸ್ ಇರ್ಲಿಲ್ಲ. ಕರ್ರಗ ನೀರು. ಅದು ಮೊದಲಿಂದ ಹಂಗ ಇತ್ತೋ ಇಲ್ಲೋ ನನಗ ಗೊತ್ತಿಲ್ಲ. ಹತ್ರ ಹೋಗಿ ನೋಡ್ಲಿಲ್ಲ ನಾನು. ಕಾರ್ ಹತ್ತಿ ಮನಿಗೆ ಓಡಿ ಬಂದು ಪೊಲೀಸ್ರಿಗೆ ಫೋನ್ ಮಾಡಿ ಜಳಕ, ಮನ್ಯಾಗ ಹಾಕ್ಕೊಳ್ಳೂ ಸ್ವೆಟರ್ ಅಂತ ಸುಳ್ಳು ಹೇಳಿದೆ.

ಇಲ್ಲಿ ಮುದುಕರನ್ನ ಬಿಟ್ಟು ಹೋದ್ರ ಜೇಲಿಗೆ ಹಾಕ್ತಾರಂತಲ್ಲ. ಮಕ್ಕಳನ್ನ ಕಸಗೊಂಡು ಹೋಗ್ತಾರಂತಲ್ಲ. ಅಕ್ಷರಾನ್ನ ಒಯ್ದ್ರ ನಾ ಏನ್ ಮಾಡ್ಲಿ? ಅದಕ್ಕ... ನಾನ ಹುಡುಕಿ ತಂದು ಬಿಟ್ರ ಯಾರಿಗೂ ತಿಳಿಯಂಗಿಲ್ಲ ಅಂತ... ನೀವೂ ಯಾರಿಗೂ ಹೇಳಂಗಿಲ್ಲ ಅಂತ...

ಪೊಲೀಸ್ರ ನಂಬರ್ ಹಚ್ಚಿ ಫೋನ್ ಯಾಕ ನನ್ನ ಕಡೆ ಹಿಡದ್ರಿ?

ನೀವ ಹೇಳ್ರಿ ಅಕ್ಕಾರ. ನಿಮ್ಮ ಇಂಗ್ಲಿಷ್ ಚೊಲೊ ಐತಿ. ನೀವು ಹೇಳಿದ್ರ ಅವ್ರು ಸಿಟ್ಟ ಮಾಡಂಗಿಲ್ಲ. ನಿಮ್ಮ ಕೈ ಮುಗೀತೀನಿ. ...ಕೈಯಾಗ ತುರುಕಬ್ಯಾಡ್ರಿ ಅಕ್ಕಾರ.

...

ಆತು. ಕೊಡ್ರಿ. ನೀವು ಗಾಡಿ ಬಿಡ್ರಿ, ನಿಲ್ಲಬ್ಯಾಡ್ರಿ ಇಲ್ಲೆ. ಎರಡನೇ ರೈಟ್.

ಹಲೋ? ...ಸ್ವರೂಪ. ಯೆಸ್, ಡಾಟರ್ ಇನ್ ಲಾ. ಸರ್, ನಾಟ್ ಇನ್ ದ ಟ್ರೀಸ್. ನಾಟ್ ಫ್ರಮ್ ಹೋಮ್, ಸರ್. ಡೌನರ್ಸ್ ಗ್ರೋವ್. ಪಾಂಡ್. ಬಿಹೈಂಡ್ ಆಫೀಸ್. ಬ್ಲೂ ಜಾಕೆಟ್. ನೋ, ನೋ ಸ್ವೆಟರ್, ಬ್ಲೂ. ಪ್ಲೀಸ್ ಲುಕ್ ದ ವಾಟರ್, ಸರ್. ...ನೋಬಡಿ ಟೇಕ್ ಹಿಮ್. ಮೀ. ಐ ಪುಟ್ ಹಿಮ್ ದೇರ್. ...ಹೌ ಲಾಂಗ್ ಅಲೋನ್?

ಒನ್ ಅವರ್, ಸರ್. ಓನ್ಲಿ ಒನ್ ಅ...

ನೋ.

ಇಲೆವನ್. ಇಲೆವನ್ ಓ ಕ್ಲಾಕ್ ಟು ನೌ.